ಚೀಲದೊಳಗಿನ ಖಾರಾ ಬನ್

ಬೇಕರಿ ಎದುರಿನ ಲೈಟು ಕಂಬದ ಹಿಂದೆ ಶರಣು ಅಡಗಿ ನಿಂತಿದ್ದ. ಕಂಬ ಸಣ್ಣದು, ಹೊಟ್ಟೆ ದೊಡ್ಡದು. ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಗಿರಣಿಯಿಂದ ಓಡಿ ಬಂದಿದ್ದ. ನ್ಯಾಮತಿಯ ಅರ್ಧ ಜನ ನಮಸ್ಕಾರ ಹೇಳಿ ಹೋದರೂ, ತಾನು ಯಾರ ಕಣ್ಣಿಗೂ ಬಿದ್ದಿಲ್ಲವೆಂದೇ ಅವನ ನಂಬಿಕೆ. ಒಳಗೆ ಹೆಂಡತಿ ರುದ್ರಾಣಿ ಖಾರಾ ಬನ್ ಕಟ್ಟಿಸಿಕೊಂಡು ಚೀಲಕ್ಕೆ ಹಾಕಿಕೊಂಡಳು. ಸಿಕ್ಕಿಬಿದ್ದಳು!

ಬನ್ ಎಂದರೆ ಮೈದಾ, ಮೈದಾ ಎಂದರೆ ಗೋಧಿ. ಅದು ರುದ್ರಾಣಿಗೆ ವಿಷ. ಎರಡು ಸಲ ಬಸಿರು ನಿಲ್ಲದೆ ಹೋದ ಮೇಲೆ ಶಿವಮೊಗ್ಗದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಸೀಲಿಯಾಕ್ ಕಾಯಿಲೆ ಎಂದಿದ್ದರು. ಗೋಧಿಯಿಂದ ಕರುಳು ಕೆಡುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ, ಬಸಿರಿಗೂ ತೊಂದರೆ. ಚಿಟಿಕೆಯಷ್ಟೂ ಬೇಡ, ರಕ್ತ ಸರಿಹೋದ ಮೇಲೆ ಮಗುವಿನ ಮಾತು. ವರ್ಷವಾಯಿತು, ರಕ್ತ ಸರಿಹೋಗಲೇ ಇಲ್ಲ. ಇವಳು ಕದ್ದು ತಿನ್ನುತ್ತಿದ್ದಾಳೆ, ಇನ್ನೇನು?

ತಾನೇನು ಕಮ್ಮಿ ಮಾಡಿದ್ದ? ಗಿರಣಿ ನಡೆಸುವವನಾದರೂ ಮನೆಗೆ ಒಂದು ಹಿಡಿ ಗೋಧಿಹಿಟ್ಟು ತರಲಿಲ್ಲ. ಚಪಾತಿ ಬಿಟ್ಟ. ಹಬ್ಬದ ಗೋಧಿ ಹುಗ್ಗಿ ಬಿಟ್ಟ. ಅವಳ ರೊಟ್ಟಿಗೆ ತಾನೇ ಜೋಳ ಬೀಸಿ, ರಾಗಿಯ ಕಪ್ಪು ಒಂದಿಷ್ಟೂ ತಾಗದ ಹಿಟ್ಟನ್ನು ಹೊತ್ತು ತರುತ್ತಿದ್ದ. ಇಂಥ ಗಂಡ ಜಿಲ್ಲೆಯಲ್ಲೇ ಇನ್ನೊಬ್ಬನಿಲ್ಲವೆಂದು ಕನ್ನಡಿಯ ಮುಂದೆ ನಿಂತು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

"ಯಾರಿಗೆ ಈ ಬನ್ನು?" ಎಂದು, ಬೇಕರಿಯಿಂದ ಹೊರಬಂದ ರುದ್ರಾಣಿಗೆ ಅಡ್ಡ ನಿಂತ.

"ನಿಮಗೇ ಕಣ್ರೀ. ನನ್ನ ಸಲುವಾಗಿ ಎಲ್ಲಾ ಬಿಟ್ಟೀರಿ. ಗಿರಣೀಲೇ ತಿಂದು, ಬಾಯಿ ತೊಳ್ಕೊಂಡು ಬರ್ರಿ."

"ಕತೆ ಹೇಳಬ್ಯಾಡ. ನಾಳೆ ಡಾಕ್ಟ್ರ ಮುಂದೇನೇ ಕಳ್ಳನ್ನ ಹಿಡಿತೀನಿ."

ಅವಳ ಕಣ್ಣು ತುಂಬಿ ಬಂತು. "ಹಿಡೀರಿ. ನನಗೂ ಒಂದು ಕೂಸು ಬೇಕಾಗೈತೆ."

ಮರುದಿನ ಡಾಕ್ಟರಮ್ಮ ಹೊಸ ರಿಪೋರ್ಟು ನೋಡಿ ತಲೆಯಾಡಿಸಿದರು. "ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗ್ತಾ ಇದೆ. ದಿನಾ ಊಟಕ್ಕೆ ಏನು?"

"ಜೋಳದ ರೊಟ್ಟಿ," ಎಂದಳು ರುದ್ರಾಣಿ.

ಶರಣು ಎದೆಯುಬ್ಬಿಸಿದ. "ನಮ್ದೇ ಗಿರಣಿ ಡಾಕ್ಟ್ರೇ, ನಾನೇ ಬೀಸಿಕೊಡ್ತೀನಿ! ರಾಗಿ ಬೀಸಿದ ಕಲ್ಲಿಗೆ ಇವಳ ಜೋಳ ಹಾಕಾಕೇ ಬಿಡಲ್ಲ, ಹಿಟ್ಟು ಕಪ್ಪಾಗ್ತೈತೆ. ಯಾವಾಗ್ಲೂ ಗೋಧಿ ಬೀಸಿದ ಮ್ಯಾಲೆ, ಅದೇ ಕಲ್ಲಿಗೆ..."

ಉಬ್ಬಿಸಿದ ಎದೆ ಅಲ್ಲೇ ಇಳಿಯಿತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ರುದ್ರಾಣಿ ಮೆಲ್ಲಗೆ ಅವನತ್ತ ತಿರುಗಿದಳು. "ಸಿಕ್ಕಿದ್ನೇನ್ರೀ ಕಳ್ಳ?"