ಹನ್ನೆರಡನೆಯ ಸಾಲು

ಮೂರನೆಯ ಸಲವೂ ತಕ್ಕಡಿ ಅದೇ ಅಂಕಿ ತೋರಿಸಿತು. ಹುಡುಗಿ ಆ ದುಂಡನೆಯ ಫಿಲ್ಟರ್ ಕಾಗದವನ್ನು ಚಿಮಟದಿಂದ ಎತ್ತಿ ಗಾಜಿನ ತಟ್ಟೆಯಲ್ಲಿಟ್ಟಳು. ಬೆಳ್ಳಗೆ ಹೋಗಿದ್ದ ಕಾಗದ ಗಾಳಿ ಎಳೆಯುವ ಯಂತ್ರದೊಳಗೆ ಕೂತು ಒಂದು ದಿನ ಅವಳ ಬೀದಿಯ ಗಾಳಿ ಕುಡಿದು ಬಾಣಲೆಯ ತಳದಂತಾಗಿತ್ತು. ಉದ್ಯಾನ, ಶಾಲೆ, ನೌಕರರ ವಸತಿ ಎಂದು ಉಳಿದ ಹನ್ನೊಂದು ಜಾಗಗಳಿಂದ ಬಂದ ಕಾಗದಗಳು ಪಕ್ಕದಲ್ಲೇ ಇದ್ದವು. ಅವು ಸಭ್ಯವಾಗಿ, ಮರ್ಯಾದೆ ಬಿಡದಂತೆ ಮಾಸಿದ್ದವು.

“ಇನ್ನು ನೂರು ಸಲ ತೂಗಿದ್ರೂ ಅಷ್ಟೇ,” ಎಂದ ಸಂಶೋಧನಾ ವಿದ್ಯಾರ್ಥಿ. ತೂಗುವಾಗ ಯಾರಾದರೂ ಹತ್ತಿರ ಉಸಿರುಬಿಟ್ಟರೂ ಸಿಡುಕುವ ಅವನನ್ನು ವಾಯುಮಂಡಲ ವಿಭಾಗವೆಲ್ಲ ‘ತಕ್ಕಡಿ’ ಎನ್ನುತ್ತಿತ್ತು. ಇವಳೊಬ್ಬಳೇ ಅಣ್ಣ ಎನ್ನುತ್ತಿದ್ದಳು. “ನಿಮ್ಮ ಬೀದೀಲಿ ಜನ ಗಾಳೀನ ಉಸಿರಾಡ್ತಾರೋ, ಅಗೀತಾರೋ?”

“ಹಲ್ಲಿದ್ದವರು ಅಗೀತಾರೆ ಅಣ್ಣ. ನಮ್ಮಜ್ಜಿ ಹಾಗೇ ನುಂಗ್ತಾರೆ.”

ಅವನು ನಕ್ಕು, ಕಂಪ್ಯೂಟರಿನತ್ತ ಬಾಗಿ ಒಂದು ಗುಂಡಿ ಒತ್ತಿದ. ಪಟ್ಟಿಯ ಹನ್ನೆರಡನೆಯ ಸಾಲು ಬೂದುಬಣ್ಣಕ್ಕೆ ತಿರುಗಿತು. ಉಳಿದವುಗಳ ಸರಾಸರಿಯನ್ನು ಮೂರು ಪಟ್ಟು ಮೀರಿದ ಅಂಕಿಯನ್ನು ಯಂತ್ರದ ದೋಷವೆಂದು ಬಿಟ್ಟುಬಿಡುವುದು ಅಲ್ಲಿನ ವಾಡಿಕೆ. ಆರು ವಾರಗಳ ಅವಳ ಅಂಕಿಗಳೆಲ್ಲ ಹೀಗೇ ಒಂದೊಂದಾಗಿ ಬೂದಿಯಾಗಿದ್ದವು. ಆ ಪಟ್ಟಿ ವಾರದೊಳಗೆ ನಗರಸಭೆಗೆ ಹೋಗಬೇಕಿತ್ತು. ಯಾವ ಬೀದಿಯಲ್ಲಿ ಹೊಗೆಗೊಳವೆ ಎತ್ತರಿಸಬೇಕೆಂದು ಅವರು ಅದನ್ನು ನೋಡಿಯೇ ತೀರ್ಮಾನಿಸುತ್ತಿದ್ದರು. ಹುಡುಗಿಯ ಮನೆಯ ಹಿಂದೆ, ಹಳೆಯ ಟೈರುಗಳಿಗೆ ಹೊಸ ರಬ್ಬರು ಹಚ್ಚುವ ಶೆಡ್ಡಿನ ಹೊಗೆಗೊಳವೆ ಅಜ್ಜಿ ಮಲಗುವ ಕೋಣೆಯ ಕಿಟಕಿಯ ಮಟ್ಟಕ್ಕೇ ನಿಂತಿತ್ತು.

ಅವಳು ತಾನು ಅಂಕಿ ಬರೆದಿಡುತ್ತಿದ್ದ ಪುಸ್ತಕ ಎತ್ತಿಕೊಂಡು ನೇರ ಪ್ರೊಫೆಸರರ ಕೋಣೆಗೆ ಹೋದಳು. ವಿಭಾಗದ ಮೆಟ್ಟಿಲು ಯಾವತ್ತೂ ಹತ್ತದ ಮನೆಗಳ ಮಕ್ಕಳಿಗೆಂದು ಬೇಸಿಗೆ ರಜೆಯ ಈ ಸಂಶೋಧನಾ ತರಬೇತಿಯನ್ನು ಹಟ ಹಿಡಿದು ಶುರುಮಾಡಿದವರೇ ಆ ಮೇಡಂ. ಕುರ್ಚಿ ತೋರಿಸಿದರು, ಎಲ್ಲವನ್ನೂ ಕೇಳಿಸಿಕೊಂಡರು. ನಿಯಮ ಎಲ್ಲರಿಗೂ ಒಂದೇ ಎಂದರು. ಯಂತ್ರವನ್ನು ಅಡುಗೆಮನೆಯ ಹತ್ತಿರ ಇಟ್ಟಿದ್ದಿರೇನೋ ಎಂದು ಮೆಲ್ಲಗೆ ಕೇಳಿದರು.

ಹುಡುಗಿ ಅಮ್ಮನ ವಿಷಯ ಹೇಳಿದಳು. ಯಂತ್ರಕ್ಕೆ ಹೊಗೆ ತಾಕಬಾರದೆಂದು ಅಮ್ಮ ಆರು ವಾರ ಒಲೆಯನ್ನು ಬೀದಿಯ ಆ ತುದಿಯಲ್ಲಿರುವ ಚಿಕ್ಕಮ್ಮನ ಮನೆಗೆ ಸಾಗಿಸಿ, ಬೇಯಿಸಿದ್ದನ್ನು ಹೊತ್ತು ತಂದಿದ್ದಳು. ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿದ್ದಳು. ಈ ಸಲ ದೊಡ್ಡವರ ಪುಸ್ತಕದಲ್ಲಿ ನಮ್ಮ ಬೀದಿಯೂ ಬರುತ್ತದೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

“ಹೋದ ವಾರ ಅದೇ ಯಂತ್ರಾನ ಉದ್ಯಾನದಲ್ಲಿಟ್ಟು ನೋಡ್ದೆ ಮೇಡಂ. ಉದ್ಯಾನದ ಅಂಕೀನೇ ಬಂತು. ಯಂತ್ರ ಸರಿ ಇದೆ.”

ಮೇಡಂ ಅವಳ ಪುಸ್ತಕದ ಆ ಪುಟವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು.

“ಇರಬಹುದಮ್ಮ. ಆದ್ರೆ ಇದೊಂದು ಸೇರಿಸಿದ್ರೆ ಇಡೀ ಊರಿನ ಸರಾಸರೀನೇ ಕೆಟ್ಟುಹೋಗುತ್ತೆ. ಮೂರು ವರ್ಷದ ಕೆಲಸ ಇದು. ಯಾರೂ ನಂಬಲ್ಲ.”

“ನಮ್ಮ ಬೀದಿ ಊರಲ್ಲಿ ಇಲ್ವಾ ಮೇಡಂ?”

ಮೇಡಂ ಡ್ರಾಯರ್ ಎಳೆದು ಒಂದು ಹಾಳೆ ತೆಗೆದರು. ಅದು ಹುಡುಗಿ ಇಲ್ಲಿ ಸೇರಲು ಬರೆದು ಕಳಿಸಿದ್ದ ಅರ್ಜಿ. ‘ನಮ್ಮ ಮನೆಯ ಕಿಟಕಿಗೆ ಬಿಳಿ ಪರದೆ ಹಾಕುವಂತಿಲ್ಲ’ ಎಂಬ ಸಾಲಿನ ಕೆಳಗೆ ಯಾರೋ ಹಳದಿ ಗೆರೆ ಎಳೆದಿದ್ದರು.

“ನಿನ್ನನ್ನ ಆರಿಸಿದ್ದೇ ಇದನ್ನ ಓದಿ. ಶುಕ್ರವಾರ ಸಮಾರೋಪಕ್ಕೆ ನಮಗೆ ಅನುದಾನ ಕೊಡೋರೆಲ್ಲ ಬರ್ತಾರೆ. ವೇದಿಕೆ ಮೇಲೆ ಐದು ನಿಮಿಷ ಕೊಡ್ತೀನಿ, ನೀನೇ ಓದು. ನಿನ್ನ ಬಾಯಲ್ಲಿ ಕೇಳಿದ್ರೆ ಎಂಥವರ ಕರುಳೂ ಚುರ್ ಅನ್ನುತ್ತೆ. ಮುಂದಿನ ಓದಿಗೆ ಶಿಫಾರಸು ಪತ್ರ ನಾನೇ ಬರೀತೀನಿ.”

ಹುಡುಗಿ ಹಾಳೆಯನ್ನು ಮೇಜಿನ ಮೇಲೆ ಅವರ ಕಡೆಗೇ ಸರಿಸಿದಳು.

“ಇದನ್ನ ಓದಲ್ಲ,” ಎಂದಳು.