ಆರನೇ ಪಾಠದ ಮೊದಲ ಪದ

ಯಂಕಮ್ಮ ಮೋಸ ಮಾಡುತ್ತಿದ್ದಾಳೆಂದು ಕಾಶಿನಾಥನಿಗೆ ಖಾತ್ರಿಯಾಗಿತ್ತು. ಆರನೇ ಪಾಠದ ಮೊದಲ ಪದದ ಮೇಲೆ ಅವನು ಪೆನ್ಸಿಲ್ ಇಟ್ಟು ಎರಡು ನಿಮಿಷವಾಗಿತ್ತು. ಅವಳು ಬಾಯಿ ತೆರೆದಿರಲಿಲ್ಲ.

ಬಾಲಾನಗರದ ಈ ಸಂಜೆ ಶಾಲೆಯನ್ನು ನಡೆಸುತ್ತಿದ್ದುದು ಹಿಮಾಯತ್‌ನಗರದ ಒಂದು ಸ್ವಯಂಸೇವಾ ಸಂಸ್ಥೆ. ಕಲಿಯುವವರು ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಹೆಂಗಸರು. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ಕಾಶಿನಾಥ ಪರೀಕ್ಷಕ; ಪುಸ್ತಕ ಬರೆದವನೂ ಅವನೇ. ಓದುವವರಿಗೆ ತಮ್ಮ ಮನೆಯ ಕಥೆಯೇ ಅನ್ನಿಸಲೆಂದು ಆ ಕಡೆಯ ಹೆಸರುಗಳನ್ನೇ ಹುಡುಕಿ ಹಾಕಿದ್ದ. ಆರನೇ ಪಾಠ ಅಂಬಾದಾಸನಿಂದಲೇ ಶುರುವಾಗುತ್ತಿತ್ತು; ಅವನು ನಸುಕಿನಲ್ಲಿ ಏಳುತ್ತಿದ್ದ, ಹೆಂಡತಿಗೆ ನೀರು ತಂದುಕೊಡುತ್ತಿದ್ದ, ಸೇಂದಿ ಮುಟ್ಟುತ್ತಿರಲಿಲ್ಲ. ಅಂಥ ಗಂಡಸನ್ನು ಕಾಶಿನಾಥ ಎಲ್ಲಿ ಕಂಡಿದ್ದನೋ ದೇವರೇ ಬಲ್ಲ.

ಯಂಕಮ್ಮ ಪಾಸಾಗಲೇಬೇಕಿತ್ತು. ಪ್ರಮಾಣಪತ್ರ ತೋರಿಸಿದರೆ ಪಕ್ಕದ ಶಾಲೆಯಲ್ಲಿ ಆಯಾ ಕೆಲಸ ಸಿಗುತ್ತಿತ್ತು. ಒಂಬತ್ತು ವರ್ಷ ಇಟ್ಟಿಗೆ ಹೊತ್ತ ತಲೆಗೆ ಬಿಡುವಾಗುತ್ತಿತ್ತು.

"ಇದೊಂದು ಬಿಟ್ಟು ಬ್ಯಾರೆ ಪಾಠ ಕೊಡ್ರಿ, ಸಾಹೇಬ್ರ. ಓದ್ತೀನಿ," ಎಂದಳು.

ಕಾಶಿನಾಥ ಮೀಸೆಯಲ್ಲೇ ನಕ್ಕ. ಬಾಯಿಪಾಠ ಮಾಡಿಕೊಂಡು ಬರುವವರನ್ನು ಅವನು ಬೇಕಾದಷ್ಟು ನೋಡಿದ್ದ. ಎಲ್ಲರಿಗೂ ಒಂದೇ ಪಾಠ, ಅದು ನಿಯಮ. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ರಿಂಗಾಯಿತು; ಸ್ಪೀಕರ್ ಒತ್ತಿದೊಡನೆ ಅವನ ಹೆಂಡತಿ, "ಕಾಶಿನಾಥ, ಎಷ್ಟೊತ್ತಿಗೆ ಬರ್ತೀ?" ಎಂದಳು. ಯಂಕಮ್ಮ ಗಾಬರಿಯಾಗಿ ತಲೆ ತಗ್ಗಿಸಿದಳು. ತಪ್ಪು ಮಾಡಿದವರ ಲಕ್ಷಣ ಎಂದುಕೊಂಡ.

ಕಲಿಸಿದ ಶೋಭಾ ಟೀಚರನ್ನು ಕರೆಸಿ ಕೇಳಿದ. ಆಕೆ ತಬ್ಬಿಬ್ಬಾದಳು. ತರಗತಿಯಲ್ಲಿ ಎಲ್ಲರೂ ಒಟ್ಟಿಗೇ ಓದುತ್ತಿದ್ದರು. ಒಬ್ಬೊಬ್ಬರ ಬಾಯಿ ನೋಡಿದವರಾರು? ಸೇರಿಕೊಂಡ ದಿನ ಅರ್ಜಿಯ ವಿವರವನ್ನೂ ಯಂಕಮ್ಮ ಪೂರ್ತಿ ಹೇಳಿರಲಿಲ್ಲ, ಜೊತೆಗೆ ಬಂದ ಶಿವದೇವಿ ಮುಗಿಸಿದ್ದಳು ಎಂದು ಈಗ ನೆನಪಿಸಿಕೊಂಡಳು.

ಅವನಿಗೆ ಪಾಪ ಅನ್ನಿಸಿತು. ಆದರೂ ಅರ್ಜಿಯ ಕೆಳಗೆ ಕೆಂಪು ಶಾಯಿಯಲ್ಲಿ ಷರಾ ಬರೆದು, ಹೆಬ್ಬೆಟ್ಟು ಒತ್ತಲು ಇಂಕ್ ಪ್ಯಾಡನ್ನು ಅವಳತ್ತ ತಳ್ಳಿದ.

ಯಂಕಮ್ಮ ಮೇಜಿನ ಆಚೆಯಿಂದಲೇ ಆ ತಲೆಕೆಳಗಾದ ಸಾಲನ್ನು ನೋಡಿದಳು. ಕಣ್ಣು ತುಂಬಿ ಬಂತು.

"'ಒಂದು ಪದವನ್ನೂ ಓದಲು ಬಾರದು' ಅಂತ ಬರದೀರಲ್ರಿ, ಸಾಹೇಬ್ರ."

ಕಾಶಿನಾಥನ ಕೈ ಅಲ್ಲೇ ನಿಂತಿತು. ಮತ್ತೆ ಆ ಪದವನ್ನೇಕೆ ಓದಲಿಲ್ಲ ಎಂದು ಕೇಳಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಶಿವದೇವಿ ಹೇಳಿ ಬರೆಸಿದ್ದ ಸಾಲಿನ ಮೇಲೆ ಬೆರಳಿಟ್ಟಳು.

ಗಂಡನ ಹೆಸರು: ಅಂಬಾದಾಸ.