ಗಬ್ಬೂರಿನ ಸೋಡಚೀಟಿ

ದುರುಗಮ್ಮ ಕುಡಿದ ಟೀ ಗ್ಲಾಸನ್ನು ಆನಂದ ತಾನೇ ಎತ್ತಿಕೊಂಡು ಹೋಗಿ ಅಂಗಡಿಯವನಿಗೆ ಕೊಟ್ಟ. ಮನೆಯಲ್ಲಿ ತಾನು ಉಂಡ ತಟ್ಟೆಯನ್ನೂ ಎತ್ತದ ಮಹಾರಾಯ! ರಾಯಚೂರಿನ ಕೋರ್ಟಿನ ಆವರಣದಲ್ಲಿ ಬೇವಿನ ಮರದ ಹಿಂದೆ ನಿಂತಿದ್ದ ದಾನೇಶ್ವರಿಗೆ ಮೈಯೆಲ್ಲ ಉರಿಯಿತು.

ದುರುಗಮ್ಮ ಅವನ ಮೊದಲ ಹೆಂಡತಿ. ಇಬ್ಬರಿಗೂ ಕೂಡಿ ಬರಲಿಲ್ಲ. ಹನ್ನೆರಡು ವರ್ಷದ ಹಿಂದೆ ಗಬ್ಬೂರಿನ ಹಿರಿಯರು ಕಟ್ಟೆಯ ಮೇಲೆ ಕೂತು, ಬಾಂಡ್ ಪೇಪರಿನಲ್ಲಿ ಸೋಡಚೀಟಿ ಬರೆಸಿ, ಇಬ್ಬರ ಹೆಬ್ಬೆಟ್ಟು ಒತ್ತಿಸಿ ಬಿಡುಗಡೆ ಮಾಡಿದ್ದರು. ಮರುವರ್ಷವೇ ಆನಂದ ದಾನೇಶ್ವರಿಗೆ ತಾಳಿ ಕಟ್ಟಿದ. ಮಾನ್ವಿಯಲ್ಲಿ ಮೋಟಾರು ರಿಪೇರಿ ಅಂಗಡಿ ಹಾಕಿದ. ಒಬ್ಬಳು ಮಗಳು ಹುಟ್ಟಿದಳು. ಏಳು ತಿಂಗಳ ಹಿಂದೆ ಅವನು ಎದೆನೋವೆಂದು ಆಸ್ಪತ್ರೆ ಸೇರುವ ತನಕ ಎಲ್ಲ ಸರಿಯಾಗಿಯೇ ಇತ್ತು.

ವಾಪಸು ಬಂದವನು ಬೇರೆಯೇ ಮನುಷ್ಯ. ಫೋನು ಬಂದರೆ ಹೊರಗೆ ಓಡುವನು. ಸಾಮಾನು ತರಬೇಕೆಂದು ರಾಯಚೂರಿಗೆ ಹೋಗಿ ಬರಿಗೈಯಲ್ಲಿ ಬರುವನು. ಹೋದ ವಾರ ಟ್ರಂಕಿನಿಂದ ಅವಳ ಆಧಾರ್ ಕಾರ್ಡು, ಎರಡು ಫೋಟೊ ಮಾಯವಾದವು. ಕೇಳಿದ್ದಕ್ಕೆ, "ರೇಷನ್ ಕಾರ್ಡಿಗಿ ಬೇಕಾಗ್ಯಾದ" ಎಂದ. ಮುಖ ನೋಡಿ ಹೇಳಲಿಲ್ಲ.

ನಿನ್ನೆ ಪಕ್ಕದ ಮನೆಯ ಮಹಬೂಬೀ ಬಂದು, "ನಿನ್ನ ಗಂಡನ್ನ ಕೋರ್ಟಿನ್ಯಾಗ ನೋಡಿದೆ. ಸಂಗಾಟ ಆ ಮೊದಲಿನಾಕಿ ಇದ್ಲವ್ವಾ" ಎಂದಾಗ ಉಳಿದದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತನ್ನನ್ನು ಕೈಬಿಟ್ಟು ಹಳೆಯವಳನ್ನು ಮನೆ ತುಂಬಿಸಿಕೊಳ್ಳುವ ಹುನ್ನಾರ. ಮಗಳ ಕೈ ಹಿಡಿದು ತಾನು ಯಾವ ಬಾಗಿಲಿಗೆ ಹೋಗಬೇಕು?

ಜವಾನ ಆನಂದನ ಹೆಸರು ಕೂಗಿದ. ವಕೀಲ ಪಂಪಾಪತಿಯವರ ಹಿಂದೆ ಇಬ್ಬರೂ ಒಳಗೆ ಹೋದರು. ಹತ್ತು ನಿಮಿಷಕ್ಕೆ ಹೊರಗೆ ಬಂದರು. ದುರುಗಮ್ಮನ ಕಣ್ಣು ಒದ್ದೆಯಾಗಿತ್ತು. ಆನಂದನ ಮುಖ ಮಾತ್ರ ಹಗುರವಾಗಿತ್ತು. ಆ ಹಗುರವನ್ನು ನೋಡಿ ದಾನೇಶ್ವರಿಗೆ ತಡೆದುಕೊಳ್ಳಲಾಗಲಿಲ್ಲ. ನುಗ್ಗಿ ಹೋಗಿ ಅವನ ಅಂಗಿ ಹಿಡಿದಳು.

"ನನ್ನ ಸಹಿ ಇಲ್ಲದ ನನ್ನ ಹ್ಯಾಂಗ ಬಿಟ್ಟಿ? ಹೇಳು!"

ಆನಂದ ಬೆವರಿದ. "ನಿನಗ ಹ್ಯಾಂಗ ಹೇಳಬೇಕು ತಿಳೀಲಿಲ್ಲ" ಎಂದ.

"ನಿನ್ನ ಬಿಡಾಕ ಇಂವಗ ಕೋರ್ಟು ಬೇಕಾಗೇ ಇಲ್ಲವ್ವಾ," ಎಂದರು ಪಂಪಾಪತಿ ಮೆಲ್ಲಗೆ.

ಅವಳ ಕೈ ಸಡಿಲಾಯಿತು. ಇಷ್ಟು ಅಗ್ಗವೇ ತಾನು?

"ಗಬ್ಬೂರಾಗ ಬರೆಸಿದ ಆ ಬಾಂಡು ಕಾನೂನಿನ್ಯಾಗ ನಡೆಯಂಗಿಲ್ಲ," ಎಂದು ವಕೀಲರು ಮಾತು ಮುಗಿಸಿದರು.

ದುರುಗಮ್ಮ ಹತ್ತಿರ ಬಂದು ಅವಳ ಹೆಗಲ ಮೇಲೆ ಕೈ ಇಟ್ಟಳು.

"ಇವತ್ತಿನ ತನಕ ಇಂವನ ಹೆಂಡತಿ ನಾನೇ ಇದ್ದೆ, ತಂಗೀ. ಇನ್ನ ನೀ ಇಂವನ್ನ ಲಗ್ನ ಮಾಡ್ಕೋ."